ಕೆಳಗಿನ ಖಾಲಿ ರೂಮನ್ನು ಏನು ಮಾಡುವುದು? ಚಿಕ್ಕ ಮಕ್ಕಳಿರುವ ಮನೆಗೆ ಹಂತ ಹಂತದ ಮಾರ್ಗದರ್ಶಿ

ಡ್ಯೂಪ್ಲೆಕ್ಸ್ ಮನೆಯ ಕೆಳಗಿನ ರೂಮಿನ ವಿಷಯದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಮೊದಲು ರೂಮಿಗೆ ಹೆಸರಿಡುತ್ತಾರೆ: ಮಕ್ಕಳ ರೂಮು, ಗೆಸ್ಟ್ ರೂಮು, ಆಫೀಸ್ ರೂಮು. ಆಮೇಲೆ ಕಾರ್ಪೆಂಟರ್‌ನನ್ನು ಕರೆಸುತ್ತಾರೆ. ಆರು ತಿಂಗಳು ಬಿಟ್ಟು ನೋಡಿದರೆ ಅಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡು ನಿಂತಿರುತ್ತದೆ, ಮಕ್ಕಳು ಹಾಲ್‌ನಲ್ಲಿ ಆಡುತ್ತಿರುತ್ತಾರೆ. ನಾವೂ ಹೀಗೇ ಮಾಡಿದೆವು, ಗೋಡೆಗೆ ಜಿರಾಫೆ ಸ್ಟಿಕರ್ ಬೇರೆ ಅಂಟಿಸಿ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ನಮ್ಮದೇ ಮನೆ, ಬೆಂಗಳೂರಿನ 30×40 ಸೈಟಿನ ಡ್ಯೂಪ್ಲೆಕ್ಸ್. ಕೆಳಗೆ ಹಾಲ್, ಅಡುಗೆಮನೆ, 10×11 ಅಡಿಯ ಒಂದು ರೂಮು, ಅದಕ್ಕೆ ಸೇರಿದ ಬಾತ್‌ರೂಮು. ಮೇಲೆ ಎರಡು ಬೆಡ್‌ರೂಮು. ಮಕ್ಕಳಿಗೆ ಆಗ ಎರಡೂವರೆ ಮತ್ತು ಐದು ವರ್ಷ. ನಿಮ್ಮ ಮನೆ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇದ್ದು, ರೂಮು ಸ್ವಲ್ಪ ದೊಡ್ಡದಿದ್ದರೂ ಹಂತಗಳು ಇವೇ. ಕ್ರಮ ಮಾತ್ರ ಬದಲಾಯಿಸಬೇಡಿ. ಖರ್ಚಾಗುವ ಕೆಲಸ ಕೊನೆಯಲ್ಲಿ ಬರುವುದು ಸುಮ್ನೆ ಅಲ್ಲ.

## ಕೈಗೆ ಬೇಕಾದ ಸಾಮಾನು

ಅಳತೆ ಟೇಪು. ಒಂದು ರೋಲ್ ಮಾಸ್ಕಿಂಗ್ ಟೇಪು, ಅಂದರೆ ಪೇಂಟ್ ಮಾಡುವವರು ಅಂಚಿಗೆ ಹಚ್ಚುವ ಕಾಗದದ ಟೇಪು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ ಎರಡು. ಅಗಲವಾದ ಸೆಲ್ಲೋಟೇಪು. ಟಿಶ್ಯೂ ರೋಲ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆ. ಸ್ಕ್ರೂಡ್ರೈವರ್. ಒಂದು ನೋಟ್‌ಬುಕ್ಕು, ಮತ್ತು ಅದರಲ್ಲಿ ಒಂದು ವಾರ ಬರೆಯುವ ತಾಳ್ಮೆ.

## ಹಂತ 1: ರೂಮನ್ನು ಪೂರ್ತಿ ಖಾಲಿ ಮಾಡಿ

ಖಾಲಿ ರೂಮು ಅಂತ ನಾವು ಕರೆಯುವ ರೂಮು ಯಾವತ್ತೂ ಖಾಲಿ ಇರುವುದಿಲ್ಲ. ನಮ್ಮಲ್ಲಿ ಸಿಕ್ಕಿದ್ದು: ನಾಲ್ಕು ಸೂಟ್‌ಕೇಸು, ದಸರಾ ಗೊಂಬೆಯ ಎರಡು ಪೆಟ್ಟಿಗೆ, ಮಗುವಿನ ತೊಟ್ಟಿಲು, ಕೆಟ್ಟ ಮಿಕ್ಸಿ, ಬಟ್ಟೆ ನೇತುಹಾಕಲು ಬಳಸುತ್ತಿದ್ದ ವ್ಯಾಯಾಮದ ಸೈಕಲ್ಲು, ಇನ್ವರ್ಟರ್.

ಎಲ್ಲವನ್ನೂ ಹಾಲ್‌ಗೆ ತಂದು ಹಾಕಿ. ಪ್ರತಿ ವಸ್ತುವಿಗೂ ಈಗಲೇ ಒಂದು ಜಾಗ ಹೇಳಿ: ಅಟ್ಟ, ಮೇಲಿನ ರೂಮು, ಅಥವಾ ಮನೆಯಿಂದ ಹೊರಗೆ. "ಆಮೇಲೆ ನೋಡೋಣ" ಅಂದ ವಸ್ತು ಎರಡು ದಿನದಲ್ಲಿ ಅದೇ ಮೂಲೆಗೆ ವಾಪಸ್ ಬರುತ್ತದೆ. ಅರ್ಧಕ್ಕಿಂತ ಜಾಸ್ತಿ ಸಾಮಾನಿಗೆ ಬೇರೆ ಜಾಗವೇ ಇಲ್ಲ ಅಂತಾದರೆ ನಿಮಗೆ ಬೇಕಾಗಿರುವುದು ಸ್ಟೋರ್ ರೂಮು. ಅದನ್ನು ಒಪ್ಪಿಕೊಂಡು ಗೋಡೆಗೆ ರ‍್ಯಾಕ್ ಹೊಡೆಸಿ, ಮುಂದಿನ ಹಂತಗಳನ್ನು ಬಿಟ್ಟುಬಿಡಿ. ತಪ್ಪೇನಿಲ್ಲ.

## ಹಂತ 2: ತೇವ ಮತ್ತು ಬೆಳಕು ನೋಡಿ

ನೆಲಮಹಡಿಯ ರೂಮಿನ ಕಾಯಿಲೆ ತೇವ. ಬಾತ್‌ರೂಮಿಗೆ ಅಂಟಿಕೊಂಡ ಗೋಡೆ, ಕಾಂಪೌಂಡ್ ಕಡೆಯ ಗೋಡೆ, ಇವೆರಡರ ಕೆಳಗಿನ ಎರಡಡಿಯನ್ನು ಟಾರ್ಚ್ ಹಾಕಿ ನೋಡಿ. ಪೇಂಟ್ ಉಬ್ಬಿದೆಯಾ, ಕೈಗೆ ಬಿಳಿ ಪುಡಿ ಹತ್ತುತ್ತದಾ, ಗೋಡೆಯ ಬುಡಕ್ಕೆ ಹಚ್ಚಿರುವ ಸ್ಕರ್ಟಿಂಗ್ ಟೈಲ್ಸ್ ಮೇಲೆ ಕಂದು ಗೆರೆ ಇದೆಯಾ?

ಅನುಮಾನ ಬಂದ ಕಡೆ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಸೆಲ್ಲೋಟೇಪು ಹಚ್ಚಿ, ಎರಡು ದಿನ ಬಿಡಿ. ಹಾಳೆಯ ಒಳಮೈ, ಅಂದರೆ ಗೋಡೆ ಕಡೆಯ ಮೈ ಬೆವರಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಮೈ ಬೆವರಿದ್ದರೆ ರೂಮಿನ ಗಾಳಿಯಲ್ಲೇ ತೇವ ಇದೆ. ಮೊದಲನೆಯದಕ್ಕೆ ಪ್ಲಂಬರ್ ಅಥವಾ ವಾಟರ್‌ಪ್ರೂಫಿಂಗ್ ಮಾಡುವವರು ಬೇಕು. ಎರಡನೆಯದಕ್ಕೆ ಕಿಟಕಿ ತೆಗೆದಿಟ್ಟು ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸಾಕಾಗಬಹುದು.

ಸಾಮಾನ್ಯ ತಪ್ಪು: ತೇವದ ಗೋಡೆಗೆ ಹೊಸ ಪೇಂಟ್ ಬಳಿದು, ಅದಕ್ಕೇ ವಾರ್ಡ್‌ರೋಬ್ ಒರಗಿಸುವುದು. ಮುಂದಿನ ಮಳೆಗಾಲಕ್ಕೆ ಒಳಗಿನ ಬಟ್ಟೆಗೆಲ್ಲ ಬೂಷ್ಟು ಹಿಡಿಯುತ್ತದೆ. ಬೇಸಿಗೆಯಲ್ಲಿ ಈ ಪರೀಕ್ಷೆ ಮಾಡಿ ಗೋಡೆ ಒಣಗಿದೆ ಅಂತ ನಂಬುವುದೂ ತಪ್ಪೇ. ಆಷಾಢ, ಶ್ರಾವಣದಲ್ಲಿ ಇನ್ನೊಂದು ಸಲ ನೋಡಿ.

ಬೆಳಕಿನ ಪರೀಕ್ಷೆ ಸುಲಭ. ಬೆಳಗ್ಗೆ 11ಕ್ಕೆ ಲೈಟ್ ಹಾಕದೆ ಪೇಪರ್ ಓದಲು ಆಗುತ್ತದಾ? ಪಕ್ಕದ ಮನೆ ಗೋಡೆ ಮೂರಡಿ ದೂರದಲ್ಲಿದ್ದರೆ ಆಗುವುದಿಲ್ಲ. ಅಂಥ ರೂಮಿನಲ್ಲಿ ಮಗು ಹಗಲಿಡೀ ಆಡುವುದಿಲ್ಲ. ರಾತ್ರಿ ಮಲಗಲು, ಕಂಪ್ಯೂಟರ್ ಮುಂದೆ ಕೂರಲು ತೊಂದರೆಯಿಲ್ಲ.

## ಹಂತ 3: ಒಂದು ವಾರ ಗಂಟೆಗಳ ಲೆಕ್ಕ ಬರೆಯಿರಿ

ಎಲ್ಲರೂ ಹಾರಿಸುವ ಹಂತ ಇದು. ಇದೊಂದನ್ನೇ ಸರಿಯಾಗಿ ಮಾಡಿದರೂ ಮುಕ್ಕಾಲು ಪಾಲು ತೀರ್ಮಾನ ತಾನಾಗಿ ಬರುತ್ತದೆ.

ನೋಟ್‌ಬುಕ್ಕಿನಲ್ಲಿ ದಿನವನ್ನು ಐದು ಭಾಗ ಮಾಡಿ: ಬೆಳಗ್ಗೆ 7ರಿಂದ 9, 9ರಿಂದ 1, 1ರಿಂದ 4, 4ರಿಂದ 7, 7ರಿಂದ ಮಲಗುವವರೆಗೆ. ಪ್ರತಿ ಭಾಗಕ್ಕೂ ಮೂರು ವಿಷಯ ಬರೆಯಿರಿ. ಕೆಳಗೆ ಯಾವ ದೊಡ್ಡವರಿದ್ದರು? ಅವರು ಏನು ಮಾಡುತ್ತಿದ್ದರು? ಮಗು ಆಗ ನಿಜವಾಗಿ ಎಲ್ಲಿತ್ತು? ಎಲ್ಲಿರಬೇಕಿತ್ತು ಅನ್ನುವುದನ್ನು ಬರೆಯಬೇಡಿ.

ನಮ್ಮ ನೋಟ್‌ಬುಕ್ಕಿನ ಬುಧವಾರದ ಸಾಲು ಹೀಗಿದೆ: "4ರಿಂದ 7. ಅವಳು ಅಡುಗೆಮನೆ, ನಾನು ಕಾಲ್. ಚಿಕ್ಕವನು ಸಿಂಕಿನ ಕೆಳಗೆ ಪಾತ್ರೆ ಜೋಡಿಸುತ್ತಿದ್ದ. ದೊಡ್ಡವಳು ಡೈನಿಂಗ್ ಟೇಬಲ್ ಕೆಳಗೆ. ರೂಮು ಖಾಲಿ." ಏಳು ದಿನದ ಪೈಕಿ ಆರು ದಿನ ಸಂಜೆಯ ಸಾಲು ಹೆಚ್ಚುಕಡಿಮೆ ಇದೇ. ಜಿರಾಫೆ ಗೋಡೆಯ ರೂಮಿನಲ್ಲಿ ಇಬ್ಬರೂ ಸೇರಿ ಕಳೆದದ್ದು ವಾರಕ್ಕೆ 50 ನಿಮಿಷ. ಅದರಲ್ಲೂ 40 ನಿಮಿಷ ನಾನು ಅಲ್ಲೇ ಕೂತಿದ್ದೆ.

ಐದು ವರ್ಷದೊಳಗಿನ ಮಕ್ಕಳು ದೊಡ್ಡವರು ಇರುವ ಕಡೆಗೇ ಆಟದ ಸಾಮಾನು ಎಳೆದುಕೊಂಡು ಬರುತ್ತಾರೆ. ರೂಮು ಎಷ್ಟೇ ಚೆಂದ ಇದ್ದರೂ ಅಷ್ಟೇ. ಇದನ್ನು ಯಾವ ಇಂಟೀರಿಯರ್‌ನವರೂ ಹೇಳುವುದಿಲ್ಲ, ಯಾಕೆ ಹೇಳಿಯಾರು?

ಅದೇ ನೋಟ್‌ಬುಕ್ಕಿನ ಕೊನೆಯಲ್ಲಿ ಇನ್ನೆರಡು ಲೆಕ್ಕ ಬರೆಯಿರಿ. ಕಳೆದ ಒಂದು ವರ್ಷದಲ್ಲಿ ನೆಂಟರು ಎಷ್ಟು ರಾತ್ರಿ ಉಳಿದರು? ಮೆಟ್ಟಿಲು ಹತ್ತಲು ಕಷ್ಟವಾಗುವವರು ವರ್ಷಕ್ಕೆ ಎಷ್ಟು ತಿಂಗಳು ನಿಮ್ಮ ಜೊತೆ ಇರುತ್ತಾರೆ? ನಮ್ಮಲ್ಲಿ ನೆಂಟರ ರಾತ್ರಿ 14. ಮಂಡಿನೋವಿನ ನಮ್ಮಮ್ಮ ಊರಿಂದ ಬಂದು ಇರುವುದು ನಾಲ್ಕು ತಿಂಗಳು. ಇಷ್ಟು ದಿನ ಅವರು ಹಾಲ್‌ನ ದಿವಾನ್ ಮೇಲೆ ಮಲಗುತ್ತಿದ್ದರು, ಪಕ್ಕದಲ್ಲೇ ಜಿರಾಫೆಯ ರೂಮು ಖಾಲಿ ಇಟ್ಟುಕೊಂಡು. ಬರೆದು ನೋಡಿದಾಗ ನಾಚಿಕೆಯಾಯಿತು.

## ಹಂತ 4: ಒಲೆಯ ಮುಂದೆ ನಿಂತು ನೋಡಿ

ಸಂಜೆ ಅಡುಗೆ ಹೊತ್ತಿಗೆ ಒಬ್ಬರು ಒಲೆಯ ಮುಂದೆ ನಿಲ್ಲಿ, ಇನ್ನೊಬ್ಬರು ಮಗುವಿನ ಜೊತೆ ಆ ರೂಮಿನ ನೆಲದ ಮೇಲೆ ಕೂರಿ. ಕತ್ತು ತಿರುಗಿಸಿದರೆ ಮಗು ಕಾಣುತ್ತದಾ? ಮಿಕ್ಸಿ ಓಡುವಾಗ, ಕುಕ್ಕರ್ ಕೂಗುವಾಗ ಅಳು ಕೇಳುತ್ತದಾ? ಸಿಂಕಿನ ಮುಂದೆ ನಿಂತು ಇನ್ನೊಮ್ಮೆ ನೋಡಿ.

ಕಂಡರೆ, ಆ ರೂಮನ್ನು ಆಟಕ್ಕೆ ಕೊಡಬಹುದು. ಬಾಗಿಲ ಹಲಗೆ ಬಿಚ್ಚಿಟ್ಟರೆ ಅಥವಾ ಅರ್ಧ ಬಾಗಿಲು ಹಾಕಿಸಿದರೆ ಕಾಣುತ್ತದೆ ಅಂತಾದರೂ ಸರಿ. ಕಾಣದಿದ್ದರೆ ಚಿಕ್ಕ ಮಗುವಿಗೆ ಐದು ತುಂಬುವವರೆಗೆ ಅದನ್ನು ಆಟದ ರೂಮು ಮಾಡಬೇಡಿ. ಕ್ಯಾಮೆರಾ ಇಟ್ಟು ಫೋನಿನಲ್ಲಿ ನೋಡುತ್ತೇವೆ ಅನ್ನುವವರಿದ್ದಾರೆ. ಒಗ್ಗರಣೆ ಹಾಕುವ ಕೈಯಲ್ಲಿ ಫೋನ್ ಹಿಡಿಯುವುದು ಎಲ್ಲಿ?

## ಹಂತ 5: ಈಗ ತೀರ್ಮಾನ ಮಾಡಿ

ಮೇಲಿಂದ ಕೆಳಕ್ಕೆ ಇದೇ ಸಾಲಿನಲ್ಲಿ ಕೇಳಿಕೊಳ್ಳಿ. ಮೊದಲು ಹೌದು ಅನ್ನಿಸಿದ ಕಡೆ ನಿಲ್ಲಿ.

1. ಮೆಟ್ಟಿಲು ಹತ್ತಲಾಗದವರು ವರ್ಷಕ್ಕೆ ಎರಡು ತಿಂಗಳಿಗಿಂತ ಜಾಸ್ತಿ ಇರುತ್ತಾರಾ? ಹಾಗಾದರೆ ರೂಮು ಅವರದು. ಬಾತ್‌ರೂಮಿನಲ್ಲಿ ಕಮೋಡ್ ಪಕ್ಕ ಹಿಡಿಕೆ ಹಾಕಿಸಿ. ಹಾಸಿಗೆಯಿಂದ ಬಾತ್‌ರೂಮಿನವರೆಗೆ ರಾತ್ರಿ ಸಣ್ಣ ಲೈಟ್ ಇರಲಿ.

2. ಒಲೆಯಿಂದ ಕಾಣುತ್ತದಾ, ಹಗಲು ಬೆಳಕಿದೆಯಾ? ಎರಡೂ ಇದ್ದರೆ ಆಟಕ್ಕೆ ಕೊಡಿ.

3. ಕಾಣುವುದಿಲ್ಲ, ಆದರೆ ಮನೆಯಿಂದ ಕೆಲಸ ಮಾಡುವವರು ಇದ್ದಾರಾ? ಆಫೀಸ್ ಮಾಡಿ. ಬಾಗಿಲು ಮುಚ್ಚಿದರೂ ಹಾಲ್‌ನ ಗಲಾಟೆ ಎಷ್ಟು ಕೇಳುತ್ತದೆ, ವೈಫೈ ಅಲ್ಲಿಗೆ ಸಿಗುತ್ತದಾ ಅಂತ ಒಂದು ದಿನ ನಿಜವಾದ ಕಾಲ್ ಮಾಡಿ ನೋಡಿ.

4. ಮೂರೂ ಇಲ್ಲ, ನೆಂಟರು ಮಾತ್ರ ಜಾಸ್ತಿ. ಆಗ ಗೆಸ್ಟ್ ರೂಮು. ವರ್ಷಕ್ಕೆ 14 ರಾತ್ರಿಯ ನೆಂಟರಿಗೆ ಉಳಿದ 351 ದಿನ ದೊಡ್ಡ ಮಂಚ ಕಾಯುತ್ತಾ ಕೂರುವುದು ಬೇಡ. ಗೋಡೆಗೆ ಒರಗಿಸಿಡುವ ಹಾಸಿಗೆ ಸಾಕು.

ಒಂದೇ ರೂಮಿಗೆ ಎರಡು ಕೆಲಸ ಕೊಡಬಹುದು, ಎರಡರ ಗಂಟೆಗಳು ಡಿಕ್ಕಿ ಹೊಡೆಯಬಾರದು ಅಷ್ಟೇ. ಆಟ ಮತ್ತು ನೆಂಟರು ಹೊಂದುತ್ತಾರೆ. ಆಫೀಸ್ ಮತ್ತು ನೆಂಟರೂ ಹೊಂದುತ್ತಾರೆ. ಆಟ ಮತ್ತು ಆಫೀಸ್ ಬೇಡವೇ ಬೇಡ: ವೈರು, ಬಿಸಿ ಕಾಫಿ, ತೆರೆದ ಲ್ಯಾಪ್‌ಟಾಪು, ಎರಡು ವರ್ಷದ ಮಗು. ಅಜ್ಜಿಯ ಮಧ್ಯಾಹ್ನದ ನಿದ್ದೆ ಮತ್ತು ಮೊಮ್ಮಕ್ಕಳ ಆಟವೂ ಮೊದಲ ವಾರ ಮಾತ್ರ ಹೊಂದುತ್ತವೆ.

ಏನೇ ಮಾಡಿದರೂ ಚಿಕ್ಕ ಮಕ್ಕಳನ್ನು ಕೆಳಗೆ ಮಲಗಿಸಿ ನೀವು ಮೇಲೆ ಮಲಗಬೇಡಿ. ರಾತ್ರಿ ಎದ್ದ ಮಗು ಕತ್ತಲಲ್ಲಿ ಮೆಟ್ಟಿಲು ಹುಡುಕಿಕೊಂಡು ಹೊರಡುತ್ತದೆ.

ವಾಸ್ತು ನೋಡುವ ಹಿರಿಯರು ಮನೆಯಲ್ಲಿದ್ದರೆ ಮಾತಾಡುವ ಹೊತ್ತು ಇದು. ಮಂಚ ಬಂದ ಮೇಲೆ "ತಲೆ ಉತ್ತರಕ್ಕೆ ಬರುತ್ತಲ್ಲೋ" ಅಂತ ಶುರುವಾದರೆ ಎಲ್ಲವನ್ನೂ ಇನ್ನೊಮ್ಮೆ ಎಳೆದಾಡಬೇಕಾಗುತ್ತದೆ.

ನಾವು ಕೊನೆಗೆ ಮಾಡಿದ್ದು: ರೂಮು ಅಮ್ಮನಿಗೆ. ಅವರು ಊರಿಗೆ ಹೋದಾಗ ನನ್ನ ಮಡಚುವ ಟೇಬಲ್ಲು ಅಲ್ಲಿಗೆ ಬರುತ್ತದೆ, ಅವರು ಬಂದಾಗ ಮೇಲಿನ ಬೆಡ್‌ರೂಮಿಗೆ ಹೋಗುತ್ತದೆ. ಆಟಕ್ಕೆ ಡೈನಿಂಗ್ ಟೇಬಲ್ ಪಕ್ಕದ 6×5 ಅಡಿ ಮೂಲೆ, ಒಲೆಯಿಂದ ನೇರ ಕಾಣುವಂಥದ್ದು. ಮಕ್ಕಳು ಆರಿಸಿಕೊಂಡಿದ್ದೂ ಅದನ್ನೇ ಅಲ್ವಾ?

## ಹಂತ 6: ನೆಲದ ಮೇಲೆ ಟೇಪು ಹಚ್ಚಿ

ಅಂಗಡಿಗೆ ಹೋಗುವ ಮೊದಲು, ಇಡಬೇಕೆಂದಿರುವ ಪ್ರತಿ ವಸ್ತುವಿನ ಅಳತೆಗೆ ನೆಲದ ಮೇಲೆ ಮಾಸ್ಕಿಂಗ್ ಟೇಪಿನಿಂದ ಚೌಕ ಎಳೆಯಿರಿ. ಬಾಗಿಲು ತೆರೆಯುವಾಗ ತಿರುಗುವ ಕಮಾನನ್ನೂ ಎಳೆಯಿರಿ. ಇದನ್ನು ಮರೆಯುವವರೇ ಜಾಸ್ತಿ.

ಲೆಕ್ಕ ನೋಡಿ. 10×11 ಅಂದರೆ 110 ಚದರ ಅಡಿ. ಆರೂಕಾಲು ಅಡಿ ಉದ್ದ, ಐದಡಿ ಅಗಲದ ಕ್ವೀನ್ ಮಂಚ ಸುಮಾರು 31 ಚದರ ಅಡಿ ತಿನ್ನುತ್ತದೆ. ಹತ್ತಡಿ ಗೋಡೆಗೆ ಎರಡಡಿ ಆಳದ ವಾರ್ಡ್‌ರೋಬ್ 20. ಮೂರಡಿ ಬಾಗಿಲು ತಿರುಗಲು 7. ಉಳಿದದ್ದು 52, ಅದೂ ಮಂಚದ ಸುತ್ತ ಓಣಿಯ ಹಾಗೆ. ಅದೇ ಮೂರಡಿ ಅಗಲದ ಸಿಂಗಲ್ ಮಂಚವನ್ನು ಗೋಡೆಗೆ ಒತ್ತಿ ಹಾಕಿದರೆ ಅದು ತಿನ್ನುವುದು ಹತ್ತೊಂಬತ್ತೇ, ಉಳಿದ ಜಾಗ ಒಂದೇ ಕಡೆ ಒಟ್ಟಿಗೆ ಸಿಗುತ್ತದೆ.

ಟೇಪನ್ನು ಎರಡು ದಿನ ಹಾಗೇ ಬಿಡಿ. ಗೆರೆ ತುಳಿಯದೆ ಓಡಾಡಿ. ಬಕೆಟ್ ಹಿಡಿದು ಬಾತ್‌ರೂಮಿಗೆ ಹೋಗಿ ಬನ್ನಿ. ನಮ್ಮ ಚಿಕ್ಕವನು ಆ ಗೆರೆಗಳನ್ನೇ ರಸ್ತೆ ಮಾಡಿಕೊಂಡು ಕಾರು ಓಡಿಸಿದ. ವಾರ್ಡ್‌ರೋಬ್ ಮತ್ತು ಮಂಚದ ನಡುವೆ ಅವನು ಮೊಣಕಾಲೂರಿ ತಿರುಗಲು ಒದ್ದಾಡಿದ ಜಾಗದಲ್ಲೇ ಅಮ್ಮನ ವಾಕರ್ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಆಗ ಹೊಳೆಯಿತು.

## ಹಂತ 7: ಮಗುವಿನ ಎತ್ತರಕ್ಕೆ ಕೂತು ಅಪಾಯ ಹುಡುಕಿ

ರೂಮು ಯಾರಿಗೇ ಹೋದರೂ ಮಗು ಒಳಗೆ ನುಗ್ಗುತ್ತದೆ. ಹಾಗಾಗಿ ಆಫೀಸ್ ಮಾಡಿದವರೂ ಇದನ್ನು ಬಿಡುವಂತಿಲ್ಲ. ನೆಲದ ಮೇಲೆ ಕೂತು ಬಾಗಿಲಿನಿಂದ ಶುರು ಮಾಡಿ.

ಬಾಗಿಲು. ನಮ್ಮ ಬಾಗಿಲಿಗೆ ಒಳಗಡೆ, ಕೆಳಭಾಗದಲ್ಲಿ ಒಂದು ಚಿಲಕ ಇತ್ತು. ಒಂದು ಮಧ್ಯಾಹ್ನ ಚಿಕ್ಕವನು ಅದನ್ನು ತಳ್ಳಿಬಿಟ್ಟ. ತಳ್ಳಲು ಬಂತು, ಎಳೆಯಲು ಬರಲಿಲ್ಲ. ಕಾಂಪೌಂಡ್ ಸಂದಿಗೆ ಹೋಗಿ ಕಿಟಕಿಯಿಂದ ಇಪ್ಪತ್ತು ನಿಮಿಷ ಗೋಗರೆದೆವು. ಅವನು ಮೊದಲು ನಕ್ಕ, ಆಮೇಲೆ ಅತ್ತ. ಕೊನೆಗೆ ದೊಡ್ಡವಳು ಬಾಗಿಲಾಚೆ ನಿಂತು "ನಾನು ಐಸ್‌ಕ್ರೀಮ್ ತಿಂತಾ ಇದೀನಿ, ನಿಂಗಿಲ್ಲ" ಅಂದಳು. ಠಕ್ ಅಂತ ಚಿಲಕ ತೆರೆಯಿತು. ಅವತ್ತು ಸಂಜೆಯೇ ಸ್ಕ್ರೂ ಬಿಚ್ಚಿ ಚಿಲಕವನ್ನು ಐದಡಿ ಎತ್ತರಕ್ಕೆ ಹಾಕಿದೆ. ಬಾತ್‌ರೂಮಿನ ಚಿಲಕಕ್ಕೂ ಇದೇ ಮಾಡಿ. ಗಾಳಿಗೆ ಬಾಗಿಲು ಬಡಿದು ಬೆರಳು ಸಿಕ್ಕದಂತೆ ಬಾಗಿಲಿಗೊಂದು ಮ್ಯಾಗ್ನೆಟ್ ಸ್ಟಾಪರ್ ಬೇಕು.

ಕರೆಂಟು. ಕೆಳಗಿರುವ ಪ್ಲಗ್ ಪಾಯಿಂಟುಗಳಿಗೆ ಒಳಗೆ ಶಟರ್ ಇರುವ, ಅಂದರೆ ಪ್ಲಗ್ ಹಾಕದಿದ್ದಾಗ ತೂತು ಮುಚ್ಚಿರುವ ಸಾಕೆಟ್ ಹಾಕಿಸಿ. 16 ಆಂಪಿಯರ್ ಸಾಕೆಟ್ಟಿನ ತೂತು ದೊಡ್ಡದು, ಮಗುವಿನ ಕೈಗೆ ಸಿಕ್ಕ ಕಡ್ಡಿ ಪೆನ್ಸಿಲ್ಲು ಸಲೀಸಾಗಿ ಹೋಗುತ್ತದೆ. ಮೀಟರ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು ಇದೆಯಾ ನೋಡಿ. ಲೋಡ್ ಜಾಸ್ತಿಯಾದರೆ ಬೀಳುವ ಎಂಸಿಬಿ ಸ್ವಿಚ್ಚು ಇದ್ದರೆ ಸಾಕು ಅಂದುಕೊಳ್ಳಬೇಡಿ, ಅದು ಕಾಯುವುದು ವೈರನ್ನು. ಶಾಕ್ ಹೊಡೆಯುವಾಗ ಮನುಷ್ಯನನ್ನು ಉಳಿಸುವುದು ಆರ್‌ಸಿಸಿಬಿ. ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಕರೆಂಟ್ ಹೋಗಬೇಕು. ಹೋಗದಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ. ಇನ್ವರ್ಟರ್ ಬ್ಯಾಟರಿಯೊಳಗೆ ಆಸಿಡ್ ಇದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಯಾರಾದರೂ ಮಲಗುವ ರೂಮಿನಲ್ಲಿ ಅದು ಬೇಡ.

ಬೀರು, ರ‍್ಯಾಕು, ಟಿವಿ ಸ್ಟ್ಯಾಂಡು. ಡ್ರಾಯರ್ ಎಳೆದು ಮೆಟ್ಟಿಲು ಮಾಡಿಕೊಂಡು ಹತ್ತುವುದು ಮಕ್ಕಳಿಗೆ ಸಹಜ. ಆಗ ಬೀರು ಮೈಮೇಲೆ ಬೀಳುತ್ತದೆ. ಎತ್ತರದ ಎಲ್ಲ ವಸ್ತುವನ್ನೂ ಎಲ್ ಆಕಾರದ ಕ್ಲಾಂಪಿನಿಂದ ಗೋಡೆಗೆ ಬಿಗಿಯಿರಿ.

ಫ್ಯಾನು. ಎರಡಂತಸ್ತಿನ ಮಂಚದ ಆಸೆ ಇದ್ದರೆ ಮೊದಲು ಮೇಲೆ ನೋಡಿ. ಹತ್ತಡಿ ಎತ್ತರದ ರೂಮಿನಲ್ಲಿ ಮೇಲಿನ ಮಂಚದಲ್ಲಿ ಮಗು ಎದ್ದು ನಿಂತರೆ ಕೈ ನೇರ ರೆಕ್ಕೆಗೆ ಹೋಗುತ್ತದೆ. ಆರು ವರ್ಷದೊಳಗಿನವರಿಗೆ ಮೇಲಿನ ಮಂಚ ಹೇಗೂ ಬೇಡ. ಫ್ಯಾನಿನ ಕೊಕ್ಕೆಗೇ ಸೀರೆ ಜೋಲಿ ಕಟ್ಟುವುದನ್ನೂ ನೋಡಿದ್ದೇನೆ. ಜೋಲಿಗೆ, ಉಯ್ಯಾಲೆಗೆ ಸ್ಲ್ಯಾಬಿನಲ್ಲಿ ಬೇರೆಯೇ ಕೊಕ್ಕೆ ಬೇಕು.

ಬಾಯಿಗೆ ಹೋಗುವ ವಸ್ತು. ಟಿಶ್ಯೂ ರೋಲಿನ ಕೊಳವೆಯೊಳಗೆ ತೂರುವ ಯಾವುದೇ ವಸ್ತು ಮೂರು ವರ್ಷದೊಳಗಿನ ಮಗುವಿನ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ರೂಮೆಲ್ಲ ಹುಡುಕಿ. ಬಟನ್ ಬ್ಯಾಟರಿಗೆ ಇನ್ನೂ ಜಾಸ್ತಿ ಭಯಪಡಿ. ರಿಮೋಟು, ತೂಕದ ಮೆಷಿನ್ನು, ಹಾಡುವ ಆಟಿಕೆಗಳಲ್ಲಿ ಅದು ಇರುತ್ತದೆ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಓಡಿ. ಬೀರುವಿನ ನುಸಿಗುಳಿಗೆ, ಸೊಳ್ಳೆ ಮೆಷಿನ್ನಿನ ರೀಫಿಲ್ಲು, ಬಾತ್‌ರೂಮಿನ ಫಿನೈಲು, ಆಸಿಡ್ ಬಾಟಲಿ, ಎಲ್ಲವೂ ಬೀಗದೊಳಗೆ ಹೋಗಲಿ.

ನೀರು. ಕೆಳಗಿನ ರೂಮು ಅಂದಮೇಲೆ ಬಾತ್‌ರೂಮಿನ ಬಕೆಟ್ಟು, ಕಾರು ನಿಲ್ಲಿಸುವ ಜಾಗದ ಸಂಪು, ಎರಡೂ ಮಗುವಿನ ಕಾಲಿಗೆ ಹತ್ತಿರ. ಎರಡಿಂಚು ನೀರಿನಲ್ಲೂ ಪುಟ್ಟ ಮಗು ಮುಳುಗಬಹುದು. ರಾತ್ರಿ ಬಕೆಟ್ ಬೋರಲು ಹಾಕಿ. ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ. ಟ್ಯಾಂಕರ್ ಬಂದು ಹೋದ ಮೇಲೆ ಬೀಗ ಬಿದ್ದಿದೆಯಾ ಅಂತ ನೀವೇ ಹೋಗಿ ನೋಡಿ.

ಮೆಟ್ಟಿಲು. ಮಗು ಬೀಳದಂತೆ ಮೇಲ್ತುದಿಗೆ ಹಾಕುವ ಗೇಟು ಗೋಡೆಗೆ ಸ್ಕ್ರೂ ಹಾಕಿ ಬಿಗಿಯುವಂಥದ್ದೇ ಆಗಬೇಕು. ಒತ್ತಿ ನಿಲ್ಲಿಸುವ ಗೇಟು ಕೆಳತುದಿಗೆ ಮಾತ್ರ ಸರಿ.

ಪೇಂಟು, ಆಟಿಕೆ. ಭಾರತದಲ್ಲಿ 2017ರ ನವೆಂಬರ್‌ನಿಂದ ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರುವಂತಿಲ್ಲ. ಅದಕ್ಕಿಂತ ಹಳೆಯ ಪೇಂಟು ಕಿಟಕಿ ಸರಳಿನಿಂದ ಚಕ್ಕೆ ಏಳುತ್ತಿದ್ದರೆ ಒಣಗಿದ್ದಾಗ ಉಜ್ಜಬೇಡಿ. ನೀರು ಹಚ್ಚಿ ಉಜ್ಜಿಸಿ, ಆಗ ಮಕ್ಕಳು ಮನೆಯಲ್ಲಿರುವುದು ಬೇಡ. ಆಟಿಕೆಗೆ ಐಎಸ್‌ಐ ಗುರುತು 2021ರ ಜನವರಿ 1ರಿಂದ ಕಡ್ಡಾಯವಾಗಿದೆ. ಡಬ್ಬಿಯ ಮೇಲೆ ನೋಡಿಯೇ ತನ್ನಿ.

## ಹಂತ 8: ಹಳೆ ಸಾಮಾನಿನಲ್ಲೇ ಒಂದು ತಿಂಗಳು ನಡೆಸಿ

ಹೊಸದೇನೂ ಕೊಳ್ಳದೆ ಮನೆಯಲ್ಲಿರುವ ಮಂಚ, ಟೇಬಲ್ಲು, ಜಮಖಾನೆಯನ್ನೇ ಟೇಪಿನ ಗೆರೆಯೊಳಗೆ ಇಡಿ. ಆಟದ ಜಾಗಕ್ಕೆ ಎರಡು ತೆರೆದ ಬುಟ್ಟಿ ಸಾಕು. ಉಳಿದ ಆಟಿಕೆ ಅಟ್ಟಕ್ಕೆ ಹೋಗಲಿ, ಎರಡು ವಾರಕ್ಕೊಮ್ಮೆ ಅದಲುಬದಲು ಮಾಡಿ. ಫೋಮ್ ಮ್ಯಾಟ್ ಹಾಸಿದ್ದರೆ ವಾರಕ್ಕೊಮ್ಮೆ ಎತ್ತಿ ಒರೆಸಿ, ಅಡಿಯಲ್ಲಿ ಚೆಲ್ಲಿದ ಹಾಲು, ನೀರು ನಿಂತು ವಾಸನೆ ಬರುತ್ತದೆ.

ತಿಂಗಳ ಕೊನೆಯ ವಾರ ಹಂತ 3ರ ಲೆಕ್ಕವನ್ನು ಮತ್ತೆ ಬರೆಯಿರಿ. ರೂಮಿನ ಗಂಟೆಗಳು ಏರಿದ್ದರೆ ಮುಂದೆ ಹೋಗಿ. ಏರದಿದ್ದರೆ ಹಂತ 5ಕ್ಕೆ ವಾಪಸ್.

## ಹಂತ 9: ಈಗ ಕಾರ್ಪೆಂಟರ್‌ಗೆ ಫೋನ್ ಮಾಡಿ

ಹೇಳಬೇಕಾದದ್ದು ಕಡಿಮೆ. ಮಂಚ ಗೋಡೆಗೆ ಅಂಟಿಸುವುದು ಬೇಡ, ಎಳೆದು ಸರಿಸುವಂತಿರಲಿ. ಟೇಬಲ್ ಮೂಲೆ ದುಂಡಗೆ ಮಾಡಿಸಿ. ತೇವದ ಅನುಮಾನವಿರುವ ಗೋಡೆಗೂ ವಾರ್ಡ್‌ರೋಬಿನ ಬೆನ್ನಿಗೂ ನಡುವೆ ಗಾಳಿಯಾಡಲು ಎರಡಿಂಚು ಬಿಡಿಸಿ. ಎದುರು ಬದುರು ಗೋಡೆಗೆ ಒಂದೊಂದು ಪ್ಲಗ್ ಪಾಯಿಂಟ್ ಇದ್ದರೆ ನಾಳೆ ರೂಮಿನ ಕೆಲಸ ಬದಲಾದರೂ ಎಕ್ಸ್‌ಟೆನ್ಷನ್ ವೈರು ನೆಲದ ಮೇಲೆ ಹರಿದಾಡುವುದಿಲ್ಲ. ಕಾರ್ಟೂನ್ ಲ್ಯಾಮಿನೇಟ್ ಅಂತೂ ಖಂಡಿತ ಬೇಡ. ಐದು ವರ್ಷದವಳಿಗೆ ಇಷ್ಟವಾದ ಬೊಂಬೆಯನ್ನು ಎಂಟು ವರ್ಷದವಳು ಸ್ನೇಹಿತೆಯರ ಮುಂದೆ ಮುಚ್ಚಿಡುತ್ತಾಳೆ.

## ತೀರ್ಮಾನ ತಪ್ಪಾಗಿದೆ ಅನ್ನುವ ಸೂಚನೆಗಳು

ಬಟ್ಟೆ ಸ್ಟ್ಯಾಂಡು "ಇವತ್ತೊಂದಿನ" ಅಂತ ಒಳಗೆ ಬಂದು ಮೂರನೇ ದಿನವೂ ಅಲ್ಲೇ ಇರುವುದು ಮೊದಲ ಸೂಚನೆ. ಆಫೀಸ್ ಮಾಡಿಯೂ ನೀವು ಕಾಲ್ ತೆಗೆದುಕೊಳ್ಳಲು ಕಾರಿನಲ್ಲಿ ಹೋಗಿ ಕೂರುವುದು ಇನ್ನೊಂದು. ಅಜ್ಜಿ ರೂಮು ಬಿಟ್ಟು ಮತ್ತೆ ದಿವಾನ್ ಮೇಲೆ ಮಲಗಿದರೆ ಕಾರಣ ಕೇಳಿ, ಅವರಾಗಿ ಹೇಳುವುದಿಲ್ಲ. ನಮ್ಮಮ್ಮ ಹತ್ತು ದಿನ ಹೀಗೇ ಮಾಡಿದರು. ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನಿನ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ಸ್ವಿಚ್ ಎಲ್ಲಿದೆ ಅಂತ ಅವರಿಗೆ ಯಾರೂ ತೋರಿಸಿರಲಿಲ್ಲ.